ಬೋರವ್ವನ ಮುಷ್ಟಿ ಬಾಕಿ

ತಿಕೋಟಾದ ಬೋರವ್ವನ ಬಲಗೈಯ ನಡುಬೆರಳು ಸೊಟ್ಟಾಗಿತ್ತು. ರೊಟ್ಟಿ ಬಡಿಯುವಾಗ ಉಳಿದ ಬೆರಳುಗಳೆಲ್ಲ ಹಿಟ್ಟಿನ ಮೇಲೆ ಕೂರುತ್ತಿದ್ದವು. ಅದೊಂದು ಮಾತ್ರ ಪಂಚರ ಮುಂದೆ ತಕರಾರು ಹೇಳಲು ಎದ್ದವರ ಹಾಗೆ ಮೇಲೇ ನಿಂತಿರುತ್ತಿತ್ತು. ಹೊಸಬರು ಯಾರಾದರೂ, ‘ಇದಕ್ಕೇನಾಗೇತಿಬೇ?’ ಎಂದು ಕೇಳಿದರೆ ಅವಳದು ಒಂದೇ ಉತ್ತರ: ‘ಏನಿಲ್ಲರಿ, ಒಂದು ಮುಷ್ಟಿ ಬಾಕಿ ಐತಿ.’

ಗೋಲಿಗುಂಡ ಆಡಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆಡದವರು ಕೇಳಿ. ಆ ಸೀಮೆಯಲ್ಲಿ ಗುಂಡದಾಟದಲ್ಲಿ ಸೋತವನು ಕುಣಿಯ ಪಕ್ಕ ಮುಷ್ಟಿ ಕಟ್ಟಿ ನೆಲಕ್ಕೆ ಊರಬೇಕು. ಗೆದ್ದವನು ಸೋತವನ ಗುಂಡವನ್ನೇ ತೆಗೆದುಕೊಂಡು ಅವನ ಬೆರಳ ಗೆಣ್ಣಿಗೆ ಗುರಿ ಇಟ್ಟು ಹೊಡೆಯುತ್ತಾನೆ. ಸೋತವನ ಬಾಯಿಂದ ‘ಯವ್ವಾ’ ಬರುವ ತನಕ ಹೊಡೆಯಬಹುದು. ಹೊಡೆಯಲು ಮನಸ್ಸಿಲ್ಲದಿದ್ದರೆ ಸೋತವನ ಗುಂಡವನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋಗಬಹುದು. ಆಗ ಮುಷ್ಟಿ ಮಾಫಿ. ಸೋತು ಮುಷ್ಟಿ ಕೊಡದೆ ಓಡಿದವನ ಮೇಲೆ ಮುಷ್ಟಿ ಬಾಕಿ ನಿಲ್ಲುತ್ತದೆ. ಬಾಕಿ ಇಟ್ಟುಕೊಂಡು ಸತ್ತವನು ಮುಂದಿನ ಜನ್ಮದಲ್ಲಿ ಗುಂಡವಾಗಿ ಹುಟ್ಟಿ ಊರ ಹುಡುಗರ ಕೈಯಲ್ಲಿ ಏಟು ತಿನ್ನುತ್ತಾನೆಂದು ಹಿರಿಯರು ನಗುತ್ತಲೇ ಹೇಳುತ್ತಿದ್ದರು. ಬೋರವ್ವ ಮಾತ್ರ ಆ ಮಾತಿಗೆ ಒಮ್ಮೆಯೂ ನಕ್ಕವಳಲ್ಲ.

ಅವಳ ಮುತ್ಯಾ ಅಮೋಘಿಯ ಹತ್ತಿರ ಒಂದು ಗಾಜಿನ ಗುಂಡವಿತ್ತು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ಭೂತನಾಳದ ಕೆರೆಯ ದಂಡೆಗೆ ಕುರಿ ಬಿಟ್ಟಿದ್ದಾಗ ಅಲ್ಲಿ ಒಬ್ಬ ಬಿಳಿ ಸಾಹೇಬನ ಡೇರೆ ಬಿದ್ದಿತ್ತಂತೆ. ಸಾಹೇಬನ ಸಣ್ಣ ಮಗಳು ಕುರಿಮರಿಯೊಂದನ್ನು ಎತ್ತಿಕೊಂಡು ಹೊತ್ತು ಇಳಿಯುವ ತನಕ ಬಿಡಲೇ ಇಲ್ಲ. ಮರಿಯನ್ನು ತಿರುಗಿ ಕೊಡುವಾಗ ಅಳುತ್ತ ತನ್ನ ಕೈಯ ಗುಂಡವನ್ನು ಇವನ ಅಂಗೈಗೆ ಇಟ್ಟು ಹೋದಳು. ಬೋರೆಹಣ್ಣಿನಷ್ಟು ದಪ್ಪ. ಬಿಸಿಲಿಗೆ ಹಿಡಿದರೆ ಒಳಗೆ ಕೆಂಪು, ಬಿಳಿ, ನೀಲಿ ಎಳೆಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ನಿಂತಿದ್ದವು. ಒಂದು ಬದಿಗೆ ಮಾತ್ರ ಬೆರಳಿಗೆ ಒರಟಾಗಿ ತಾಗುವ ಸಣ್ಣ ಗುರುತು.

ಆ ಗುರುತು ಏನೆಂದು ಹೇಳಿದವಳು ಬಳೆಗಾರ್ತಿ ಮುಮತಾಜಬಿ. ವಿಜಾಪುರದಿಂದ ಬಳೆಯ ಗಂಟು ಹೊತ್ತು ತಿಕೋಟಾ, ಬಬಲೇಶ್ವರ ತಿರುಗುತ್ತಿದ್ದ ಹೆಂಗಸು. ಗಾಜು ಅವಳಿಗೆ ಮನೆಮಂದಿಯಿದ್ದ ಹಾಗೆ.

‘ಇದು ಗುಂಡಾದ ಹೊಕ್ಕಳ, ಬೇಟಿ,’ ಎಂದಿದ್ದಳು ಎಳೆಯ ಬೋರವ್ವನಿಗೆ. ‘ನಮ್ಮ ಮಾವನ ಅಂಗಡಿಗೆ ಮೊದಲು ಇಂಥಾವು ಮುಂಬೈಯಿಂದ ಬಳಿ ಪೆಟಗಿ ಜೋಡಿ ಬರ್ತಿದ್ದವು. ಜರ್ಮನ್ ದೇಶದಾಗ ಕಾಯಿಸಿದ ಗಾಜಿನ ಕೋಲು ತಿರುವಿ, ಕತ್ತರಿಲೆ ಒಂದೊಂದ ಕಡದು ಮಾಡ್ತಿದ್ರಂತ. ಕಡದ ಜಾಗಾನ ಹೊಕ್ಕಳ. ಮೊದಲನೇ ಲಡಾಯಿ ಹತ್ತಿತು, ಬರೂದು ನಿಂತಿತು. ಆಮ್ಯಾಲ ಯಂತ್ರದಾಗ ಉರುಳಿಸಿದ ಜಪಾನಿನವು ಬಂದವು, ಅವಕ್ಕ ಹೊಕ್ಕಳ ಇಲ್ಲ. ತಾಯಿ ಇಲ್ಲದವು.’

‘ಅದಕ್ಕಿಂತ ಮೊದಲ ಹುಡುಗ್ರು ಏನ ಆಡ್ತಿದ್ರು?’

‘ನಿಮ್ಮ ಮುತ್ಯಾನ್ನ ಕೇಳು. ಕುಂಬಾರ ಸುಟ್ಟ ಮಣ್ಣಿನ ಗುಂಡಾ, ಕಲ್ಲಾಗ ಉಜ್ಜಿದ ಗುಂಡಾ, ಅದೂ ಇಲ್ಲಂದ್ರ ಬೇಲ್ಯಾಗಿನ ಗಜಗದ ಬೀಜ. ಮಂದಿಗೆ ಆಡಾಕ ದುಂಡಂದೊಂದು ಬೇಕು, ಅಷ್ಟ.’

ಎದ್ದು ಹೋಗುವಾಗ ಇನ್ನೊಂದು ಮಾತು ಸೇರಿಸಿದಳು. ‘ಕಬ್ಬಿಣಕ್ಕ ಮಾತ್ರ ಬಡಿಬ್ಯಾಡ. ಕೈಲೆ ಮಾಡಿದ ಗಾಜು ಒಂದ ಸವನ ತಂಪಾಗಿರೂದಿಲ್ಲ. ಅದರ ಹೊಟ್ಟ್ಯಾಗ ಸಿಟ್ಟು ಉಳದಿರತೈತಿ. ಎಷ್ಟ ವರ್ಷ ಆದ್ರೂ.’

ಈಗ ಕತೆಯ ಗಂಟು ಬಿದ್ದ ದಿನಕ್ಕೆ ಬರೋಣ. ಐವತ್ತೆಂಟರ ಬೇಸಿಗೆ. ಊರಬಾಗಿಲ ಅಗಸಿಯ ಬಾವಿಯ ಹತ್ತಿರ ಹುಡುಗರ ಆಟ ನಡೆದಿತ್ತು. ಬೋರವ್ವನಿಗೆ ಹನ್ನೆರಡು ವರ್ಷ. ಲಂಗ ಎತ್ತಿಕಟ್ಟಿ ಹುಡುಗರ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ಶಂಕ್ರೆಪ್ಪ, ಅವಳಿಗಿಂತ ಮೂರು ವರ್ಷ ದೊಡ್ಡವನು. ಅವರಪ್ಪನದು ಸೋಡಾ ವ್ಯಾಪಾರ. ಒಡೆದ ಬಾಟಲಿಯ ಗೋಲಿಗಳೆಲ್ಲ ಮಗನ ಕಿಸೆಗೆ ಬರುತ್ತಿದ್ದವು. ಹೀಗಾಗಿ ಊರ ಹುಡುಗರಿಗೆಲ್ಲ ಅವನೇ ದೊರೆ.

ಆ ದಿನ ದೊರೆ ಸೋತ. ಅವನ ಹಸಿರು ಗೋಲಿಯನ್ನು ಮುತ್ಯಾನ ಗುಂಡ ಅಷ್ಟು ದೂರದಿಂದ ಬಡಿದು ಹಾರಿಸಿ, ತಾನು ಹೋಗಿ ಕುಣಿಯಲ್ಲಿ ಕೂತಿತು.

‘ಮುಷ್ಟಿ ಇಡು,’ ಎಂದಳು ಬೋರವ್ವ.

ಶಂಕ್ರೆಪ್ಪ ಗೆಳೆಯರ ಕಡೆ ನೋಡಿ ಹಲ್ಲು ಕಿರಿದ. ‘ಹೆಣ್ಣ ಹುಡುಗಿಗೆ ಮುಷ್ಟಿ ಇಡಾಕ ನನ್ನ ಕೈಯಾಗ ಬಳಿ ಅದಾವೇನ್ರಲೇ?’

‘ಬಳಿನೂ ಇಲ್ಲ, ಗುರಿನೂ ಇಲ್ಲ. ಇಡು ಮುಷ್ಟಿ.’

ಹುಡುಗರು ಹೋ ಎಂದು ನಕ್ಕರು. ಆ ನಗೆಯೇ ಕೆಟ್ಟದ್ದಾಯಿತು. ಶಂಕ್ರೆಪ್ಪನ ಮುಖ ಕೆಂಪೇರಿತು. ‘ಇಕಿ ಗುಂಡಾದಾಗ ಏನೋ ಮಾಟ ಐತಿ. ಮೋಸದಾಟ ಆಡ್ಯಾಳ. ಮುಷ್ಟಿ ಇಕಿನ ಇಡಬೇಕು!’ ಎನ್ನುತ್ತ ಕುಣಿಯಲ್ಲಿದ್ದ ಗಾಜಿನ ಗುಂಡವನ್ನು ಎತ್ತಿ ಕಿಸೆಗೆ ಹಾಕಿಕೊಂಡ. ಬೋರವ್ವ ಮೈಮೇಲೆ ಎರಗಿದಳು. ಅವನ ಇಬ್ಬರು ಗೆಳೆಯರು ಅವಳನ್ನು ಹಿಡಿದು ಬಲಗೈಯನ್ನು ಬಾವಿಯ ಕಟ್ಟೆಗೆ ಒತ್ತಿದರು. ಹೊಡೆಯಲು ಅವನು ತೆಗೆದುಕೊಂಡದ್ದು ಗುಂಡವನ್ನಲ್ಲ, ಕಲ್ಲನ್ನು.

‘ಯವ್ವಾ ಅನ್ನು.’

ಅವಳು ಅನ್ನಲಿಲ್ಲ.

‘ಅಂತೀಯೋ ಇಲ್ಲೋ?’

ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಕಲ್ಲು ಮತ್ತೆ ಮತ್ತೆ ಬಿತ್ತು. ಒಣ ಜಾಲಿಕಟ್ಟಿಗೆ ಮುರಿದಂಥ ಸದ್ದು ಕೇಳಿದ ಮೇಲೆ ಹಿಡಿದ ಹುಡುಗರೇ ಹೆದರಿ ಕೈ ಬಿಟ್ಟು ಓಡಿದರು. ಹೊಸೆದ ಗುಂಡ ಶಂಕ್ರೆಪ್ಪನ ಕಿಸೆಯಲ್ಲೇ ಹೋಯಿತು.

ಮುತ್ಯಾ ಬೆರಳಿಗೆ ಬಿದಿರ ಸೀಳು ಕಟ್ಟಿ, ಮೊಮ್ಮಗಳನ್ನು ಚಾವಡಿಗೆ ಕರೆದೊಯ್ದ. ಅಲ್ಲಿ ಹಿರಿಯ ರಾಮಲಿಂಗಪ್ಪ ಕೂತಿದ್ದ. ಶಂಕ್ರೆಪ್ಪ ಕೈ ಕಟ್ಟಿ ನಿಂತು, ‘ಗುಂಡಾ ಬಾವ್ಯಾಗ ಬಿತ್ತರಿ. ಇಕಿ ಅದನ್ನ ಹಿಡಿಯಾಕ ಹೋಗಿ ಕಟ್ಟಿಗೆ ಕೈ ಬಡಕೊಂಡ್ಳು,’ ಎಂದ. ಗೆಳೆಯರಿಬ್ಬರೂ ಹೌದೆಂದು ಗೋಣು ಹಾಕಿದರು.

ರಾಮಲಿಂಗಪ್ಪ ಎಲೆಗೆ ಸುಣ್ಣ ಸವರುತ್ತ ನಕ್ಕ. ‘ಅಮೋಘಿ, ಹುಡುಗ್ರ ಆಟ ಚಾವಡಿಗೆ ತರ್ತಾರೇನೋ? ಅಲ್ಲ, ಹೆಣ್ಣ ಹುಡುಗಿ ಗುಂಡಾ ಯಾಕ ಆಡಬೇಕು?’

ಮುತ್ಯಾ ಮೊಮ್ಮಗಳ ಕೈ ಹಿಡಿದು ಚಾವಡಿ ಇಳಿದ. ದಾರಿಯಲ್ಲಿ, ‘ಗುಂಡಾ ಹೋದ್ರ ಹೋಗಲಿ, ಕೂಸ,’ ಎಂದ. ‘ಅದು ಬಂದದ್ದೂ ಪುಗಸಟ್ಟೆ. ಮುಷ್ಟಿ ಬಿಡಬ್ಯಾಡ.’

ಮರುವರ್ಷ ಅವನು ಹಾಸಿಗೆ ಹಿಡಿದ. ನೀರು ಕುಡಿಸಲು ಹೋದಾಗಲೆಲ್ಲ ಅವಳ ಸೊಟ್ಟ ಬೆರಳನ್ನು ತಡವಿ, ‘ಮುಷ್ಟಿ ಬಂತೇನ?’ ಎಂದು ಕೇಳುತ್ತಿದ್ದ. ಬಂತು ಎನ್ನುವುದನ್ನು ಕೇಳದೆ ಕಣ್ಣು ಮುಚ್ಚಿದ.

ಗುಂಡ ಹೊಡೆಯುವವರಿಗೆ ನಡುಬೆರಳೇ ಬಿಲ್ಲು. ಗುಂಡವನ್ನು ಅದರ ತುದಿಗೆ ಆನಿಸಿ, ಇನ್ನೊಂದು ಕೈಯಿಂದ ಹಿಂದಕ್ಕೆ ಜಗ್ಗಿ ಬಿಡಬೇಕು. ಬೋರವ್ವನ ಬಲಗೈಯ ಬಿಲ್ಲು ಮುರಿದಿತ್ತು. ಅವಳು ಎಡಗೈಯ ಬೆರಳನ್ನು ಬಗ್ಗಿಸಲು ಕಲಿತಳು. ಮೊದಮೊದಲು ಗುಂಡ ಕುರಿಗೆ ಎಂದರೆ ನಾಯಿಗೆ ಬೀಳುತ್ತಿತ್ತು. ಹೊಡೆಯುತ್ತಿದ್ದುದು ಗಜಗವನ್ನು. ಅದರ ಜೊತೆಗೆ ಹೊಲದ ದಿಬ್ಬದಲ್ಲಿ ಸಿಕ್ಕ ಒಂದು ಕರಿಗಲ್ಲಿನ ಚೂರನ್ನು ಹಿಡಿದು ನೀರು ಹಾಕಿ ಬಂಡೆಗೆ ಉಜ್ಜತೊಡಗಿದಳು. ಕುರಿ ಮೇಯುತ್ತಿದ್ದವು, ಅವಳು ಉಜ್ಜುತ್ತಿದ್ದಳು. ಮೂಲೆ ಹೋದವು, ಉಬ್ಬು ಹೋದವು. ಜೊತೆಗಾತಿಯರು ಹಾಡು ಹೇಳುತ್ತ ಉಣ್ಣೆ ನೂಲುತ್ತಿದ್ದರೆ ಇವಳ ತುಟಿಯ ಮೇಲೆ ಇದ್ದದ್ದು ಒಂದೇ ಹೆಸರು. ‘ಶಂಕ್ರೆಪ್ಪ’ ಎನ್ನುವುದು, ಒಮ್ಮೆ ಉಜ್ಜುವುದು. ದೇವರ ಹೆಸರನ್ನೂ ಯಾರೂ ಇಷ್ಟು ನಿಷ್ಠೆಯಿಂದ ಹೇಳಿರಲಿಕ್ಕಿಲ್ಲ.

ಬಬಲೇಶ್ವರದ ಆಚೆ ನಿಡೋಣಿಯಿಂದ ಸಂಬಂಧ ಬಂತು. ಹುಡುಗ ಸಿದ್ದರಾಯ. ಅವನ ತಾಯಿ ಸೊಟ್ಟ ಬೆರಳು ನೋಡಿ ಮುಖ ಸಣ್ಣದು ಮಾಡಿದಳು. ಸಿದ್ದರಾಯ, ‘ಸೊಟ್ಟ ಇದ್ರೇನಾತಬೇ, ಎಣಿಸಿದ್ರ ಐದ ಬರ್ತಾವ,’ ಎಂದ. ಮದುವೆ ಆಯಿತು.

ಗಂಡನ ಮನೆಗೂ ಆ ಕಲ್ಲು ಬಂತು. ಒಂದು ದಿನ ಸಿದ್ದರಾಯ ಹೊಲಕ್ಕೆ ಬುತ್ತಿ ಒಯ್ದಾಗ, ಹಿಂಡಿನ ಮುಂದೆ ಹೋಗುತ್ತಿದ್ದ ಟಗರಿನ ಕೊರಳ ಗಂಟೆ ತಾನಾಗಿಯೇ ‘ಟಿಣ್’ ಎಂದಿತು. ಟಗರು ನಿಂತಿತು. ಮತ್ತೆ ಟಿಣ್. ಹುಡುಕಿದರೆ ಬೇವಿನ ನೆರಳಲ್ಲಿ ಹೆಂಡತಿ ಎಡಗೈಯ ಬೆರಳಿಗೆ ಗಜಗ ಆನಿಸಿ ಕೂತಿದ್ದಾಳೆ.

‘ಇದೇನ ಹುಚ್ಚು?’

ಅವಳು ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುತ್ತ ಕೇಳಿದ. ಕೊನೆಗೆ, ‘ಹಂಗಾದ್ರ ನಾ ನಿನ್ನ ಜೋಡಿ ಎಂದೂ ಗುಂಡಾ ಆಡಂಗಿಲ್ಲ,’ ಎಂದು ಚಟ್ನಿ ನೆಕ್ಕಿದ.

ಅರವತ್ತಾರರ ಚಳಿಗಾಲದಲ್ಲಿ ಗಂಡ ಹೆಂಡತಿ ಕಂಬಳಿ ಮಾರಲು ವಿಜಾಪುರಕ್ಕೆ ಹೋದರು. ಸೊಲ್ಲಾಪುರ ರಸ್ತೆಯಲ್ಲಿ ತಿರುಗಿ ದಣಿದು ಒಂದು ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತರು. ರೊಕ್ಕದ ಗಲ್ಲೆಯ ಮೇಲೆ ಮೈ ತುಂಬಿಕೊಂಡ ಗಂಡಸೊಬ್ಬ. ಅವನ ಮುಂದೆ ಹಿತ್ತಾಳೆಯ ಬಟ್ಟಲಲ್ಲಿ ಹತ್ತಿ ಹಾಸಿ, ಮೇಲೆ ಒಂದು ಗುಂಡ ಇಟ್ಟಿದ್ದ. ಕೆಂಪು, ಬಿಳಿ, ನೀಲಿ ಎಳೆಗಳು.

ಬೋರವ್ವ ಸೆರಗನ್ನು ಹಣೆಗೆ ಜಗ್ಗಿಕೊಂಡಳು. ‘ಇದೇನ್ರಿ, ಭಾಳ ಚಂದ ಐತಿ?’

‘ಹಂಗ ಮುಟ್ಟಬ್ಯಾಡ್ರಿ!’ ಎಂದ, ಈಗ ವಿಜಾಪುರದಲ್ಲಿ ಅಂಗಡಿ ಇಟ್ಟಿದ್ದ ಶಂಕ್ರೆಪ್ಪ. ಅವಳ ಗುರುತು ಅವನಿಗೆ ಹತ್ತಲಿಲ್ಲ. ‘ಬಾದಶಹಾನ ಮಹಲಿನ ಗುಂಡಾ ಅದು. ಬೇಗಮರು ಇದನ್ನ ಆಡ್ತಿದ್ರು. ನಮ್ಮ ಮುತ್ಯಾನ ಮುತ್ಯಾಗ ಇನಾಮು ಬಂದದ್ದು. ಇದನ್ನ ನೋಡಾಕಂತನ ಮಂದಿ ನಮ್ಮಲ್ಲಿ ಸೋಡಾ ಕುಡಿತಾರ.’

ಬೋರವ್ವ ಬಾಟಲಿ ಎತ್ತಿ ಕುಡಿದಳು. ಸೋಡಾದ ಖಾರ ಮೂಗಿಗೆ ಏರಿ ಕಣ್ಣಲ್ಲಿ ನೀರು ತಂದಿತು. ಹೊರಗೆ ಬಂದ ಮೇಲೆ ಸಿದ್ದರಾಯ, ‘ಅದ ಅಲ್ಲೇನ? ನಡಿ, ಕಸಗೊಂಡ ಬರ್ತೀನಿ,’ ಎಂದು ಕಂಬಳಿ ಕೆಳಗಿಟ್ಟ.

‘ಬ್ಯಾಡ. ಕಸಗೊಂಡ್ರ ಗುಂಡಾ ಬರತೈತಿ, ಮುಷ್ಟಿ ಬರಂಗಿಲ್ಲ.’

ಮುಂದಿನ ವಾರ ಬಬಲೇಶ್ವರದ ಸಂತೆಯಲ್ಲಿ ಅವಳು ಮುಮತಾಜಬಿಯ ಮುಂದೆ ಕೈ ಚಾಚಿ ಕೂತಳು. ಮುಮತಾಜಬಿ ಸೊಟ್ಟ ಬೆರಳನ್ನು ನೋವಾಗದಂತೆ ಹಿಂಡಿ ಹಸಿರು ಬಳೆ ಏರಿಸುತ್ತಿದ್ದಾಗ ಬೋರವ್ವ ಅಂಗಡಿಯ ಸುದ್ದಿ ಹೇಳಿ, ‘ನೀ ಒಂದು ಕೆಲಸಾ ಮಾಡಬೇಕು,’ ಎಂದಳು.

‘ಬಾದಶಹಾಂದಂತ? ಆ ಹೊಕ್ಕಳದ ಗುಂಡಾ?’ ಮುಮತಾಜಬಿ ಬಾಯಿಗೆ ಸೆರಗು ಒತ್ತಿ ನಕ್ಕಳು. ‘ಬಾದಶಹಾ ಜರ್ಮನಿಗೆ ಯಾವಾಗ ಹೋಗಿದ್ನಂತ?’

‘ನಗಬ್ಯಾಡ. ಅಂವಾ ಅದನ್ನ ಪಂಚಮಿಗೆ ತಿಕೋಟಾಕ್ಕ ತರಬೇಕು. ತಾನ ಆಗಿ ತರಬೇಕು.’

ಮುಮತಾಜಬಿ ಗಂಟು ಹೊತ್ತು ಸೊಲ್ಲಾಪುರ ರಸ್ತೆಗೆ ಹೋದಳು. ಒಂದು ಸೋಡಾ ಕುಡಿದು, ಬಟ್ಟಲು ನೋಡಿ, ನಿಟ್ಟುಸಿರು ಬಿಟ್ಟಳು. ‘ಶಂಕ್ರೆಪ್ಪಾರ, ನಿಮ್ಮೂರ ಮಂದಿ ಭಾಳ ಹೊಟ್ಟಿಕಿಚ್ಚಿನವರು ನೋಡ್ರಿ. ನಿಮ್ಮಲ್ಲಿರೂದು ಬಾದಶಹಾಂದಲ್ಲಂತ, ಸಂತ್ಯಾಗ ಸಿಗೂ ಜಪಾನಿಂದಂತ. ಅಗಸ್ಯಾಗ ಕುಂತು ನಗಾಕತ್ತಾರ.’

‘ಯಾವಂವಾ ಅಂದಂವಾ?’

‘ಒಬ್ಬ ಇಬ್ಬ ಆದ್ರ ಹೆಸರ ಹೇಳಬಹುದಿತ್ತು.’

ಅಷ್ಟು ಸಾಕಾಯಿತು. ಒಂಬತ್ತು ವರ್ಷ ಒಂದೇ ಸುಳ್ಳನ್ನು ದಿನಾ ಹೇಳಿದವನಿಗೆ ಅದು ಸುಳ್ಳೆಂಬುದೇ ಮರೆತು ಹೋಗಿರುತ್ತದೆ. ಅರವತ್ತೇಳರ ನಾಗರ ಪಂಚಮಿಗೆ ಶಂಕ್ರೆಪ್ಪ ಸೋಡಾ ಪೆಟ್ಟಿಗೆಯ ಜೊತೆ ಹಿತ್ತಾಳೆ ಬಟ್ಟಲನ್ನೂ ಹೊತ್ತು ತಿಕೋಟಾಕ್ಕೆ ಬಂದ.

ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದವರು ಅಗಸಿಯ ಬೇವಿನ ಮರಗಳಿಗೆಲ್ಲ ಜೋಕಾಲಿ ಕಟ್ಟಿದ್ದರು. ಎಲ್ಲರ ಉಡಿಯಲ್ಲೂ ಜೋಳದ ಅಳ್ಳು, ಶೇಂಗಾದ ಉಂಡಿ. ಗಂಡಸರು ಬೀದಿಯಲ್ಲಿ ಕೊಬ್ಬರಿ ಬಟ್ಟಲಿನ ಪಂದ್ಯ ಹೂಡಿದ್ದರು. ಆ ದಿನದ ಒಂದು ಕಟ್ಟಳೆ ಊರಿಗೆಲ್ಲ ಗೊತ್ತು: ತವರಿಗೆ ಬಂದ ಮಗಳು ಪಂದ್ಯ ಕೇಳಿದರೆ ಊರ ಗಂಡಸು ಒಲ್ಲೆ ಅನ್ನಬಾರದು. ಅಂದರೆ ಅವನ ಮನೆಯ ಜೋಕಾಲಿ ಹಗ್ಗ ಹರಿಯುತ್ತದೆ. ಶಂಕ್ರೆಪ್ಪನ ತಂಗಿಯರಿಬ್ಬರು ಅದೇ ಮರದಲ್ಲಿ ಜೀಕುತ್ತಿದ್ದರು.

ಶಂಕ್ರೆಪ್ಪ ಕಟ್ಟೆ ಏರಿ ಬೇಗಮರ ಕತೆ ಸುರು ಮಾಡಿದ್ದ. ರಾಮಲಿಂಗಪ್ಪನಿಗೆ ಈಗ ಹಲ್ಲಿರಲಿಲ್ಲ, ಕಣ್ಣು ಮಾತ್ರ ನೆಟ್ಟಗಿದ್ದವು. ಗುಂಡವನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದ. ಹೊಕ್ಕಳ ತಾಗಿತು.

‘ಲೇ ಶಂಕ್ರ್ಯಾ, ಇದು ಅಮೋಘಿ ಗುಂಡಾ ಅಲ್ಲೇನೋ? ಬಾವ್ಯಾಗ ಬಿದ್ದಿತ್ತಲ್ಲ? ನಮ್ಮ ಬಾವಿ ಭಾಳ ಛಲೋ ಐತಿ ಬಿಡಪಾ. ಬಿದ್ದದ್ದನ್ನ ತೊಳದು ವಿಜಾಪುರಕ್ಕ ಕಳಿಸೈತಿ!’

ಜನ ಬಿದ್ದು ಬಿದ್ದು ನಕ್ಕರು. ಶಂಕ್ರೆಪ್ಪ ಗುಂಡ ಕಸಿದುಕೊಂಡು ಇಳಿಯುವಷ್ಟರಲ್ಲಿ ಎದುರಿಗೆ ಬೋರವ್ವ ನಿಂತಿದ್ದಳು. ಸೊಟ್ಟ ಬೆರಳು ಎಲ್ಲರಿಗೂ ಕಾಣುವ ಹಾಗೆ ಬಲಗೈಯನ್ನು ಎದೆಗೆ ಹಿಡಿದಿದ್ದಳು.

‘ಶಂಕ್ರೆಪ್ಪಣ್ಣಾರ, ನಾ ತವರಿಗೆ ಬಂದಾಕಿ. ಒಂದು ಆಟದ ಪಂದ್ಯ ಕೇಳ್ತೀನಿ. ನೀವು ಆ ಗುಂಡಾದಿಂದ, ನಾ ನನ್ನ ಕಲ್ಲಿನ ಗುಂಡಾದಿಂದ. ನೀವು ಗೆದ್ರ ಅದು ಬಾದಶಹಾಂದ ಅಂತ ಈ ಕಟ್ಟಿ ಮ್ಯಾಲ ನಿಂತು ನಾನ ಹೇಳ್ತೀನಿ. ಸೋತ್ರ ಮುಷ್ಟಿ.’

ಅವನು ಒಲ್ಲೆ ಅನ್ನುವವನಿದ್ದ. ಜೋಕಾಲಿಯ ಮೇಲಿಂದ ತಂಗಿ ಚೀರಿದಳು: ‘ಯಣ್ಣಾ, ಒಲ್ಲೆ ಅನಬ್ಯಾಡೋ! ನಾ ಮ್ಯಾಲಿದ್ದೀನಿ!’

ಶಂಕ್ರೆಪ್ಪನ ಕಣ್ಣು ಆ ಬೆರಳ ಮೇಲೆ ಬಿತ್ತು. ಮುರಿದವನೇ ಅವನು. ಅದು ಬಿಲ್ಲಾಗಿ ಬಾಗದು ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ‘ಆತು. ನಡಿ,’ ಎಂದ.

ಕುಣಿ ತೋಡಿದರು. ಎದುರಿನವರ ಗುಂಡಕ್ಕೆ ಬಡಿದು, ಆಮೇಲೆ ತನ್ನದನ್ನು ಕುಣಿಗೆ ಇಳಿಸಿದವರು ಗೆದ್ದಂತೆ. ಎಸೆತದಲ್ಲಿ ಅವನದೇ ಹತ್ತಿರ ಬಿತ್ತು, ಆಟ ಅವನದೇ ಮೊದಲು. ಹೊಟ್ಟೆ ಮಡಚಿ ಕಷ್ಟದಿಂದ ಕೂತ. ಆದರೂ ಕೈ ಹಳೆಯದು ಮರೆತಿರಲಿಲ್ಲ. ಗಾಜು ಹೋಗಿ ಕರಿಗಲ್ಲಿಗೆ ಬಡಿಯಿತು. ಕಲ್ಲು ಉರುಳಿ ದೂರದ ಬೇವಿನ ಬೇರಿಗೆ ಹೋಗಿ ನಿಂತಿತು. ಆದರೆ ಕುಣಿಗೆ ಇಳಿಸುವ ಹೊಡೆತದಲ್ಲಿ ಗಾಜು ಅಂಚು ಸುತ್ತಿ ಗೇಣು ಆಚೆ ನಿಂತಿತು.

ಬೋರವ್ವ ಬೇರಿನ ಹತ್ತಿರ ಹೋಗಿ ಕೂತಳು. ಕಲ್ಲನ್ನು ಎತ್ತಿ ಎಡಗೈಗೆ ಬದಲಿಸಿದಳು.

‘ಅಯ್ಯ! ಎಡಗೈ!’ ಎಂದಿತು ಒಂದು ಹೆಣ್ಣು ದನಿ. ಶಂಕ್ರೆಪ್ಪನ ಮುಖ ಬಿಳಿಚಿತು.

ಎಡಗೈಯ ನಡುಬೆರಳು ಹಿಂದಕ್ಕೆ ಬಾಗಿ ಬಿಟ್ಟಿತು. ಕರಿಗಲ್ಲು ನೆಲ ಮುಟ್ಟದೆ ಹೋಗಿ ಗಾಜಿಗೆ ಬಡಿದು, ಅಲ್ಲೇ ಕುಣಿಯ ಬಾಯಲ್ಲಿ ಕೂತಿತು. ಉಳಿದದ್ದಕ್ಕೆ ಒಂದು ತಟ್ಟು ಸಾಕಾಯಿತು, ಕಲ್ಲು ಒಳಗೆ ಇಳಿಯಿತು.

ಶಂಕ್ರೆಪ್ಪ ಬೆವರು ಒರೆಸಿಕೊಂಡ. ದನಿ ಮೆತ್ತಗಾಯಿತು. ‘ಆತು ಬಿಡ ತಂಗಿ, ಗುಂಡಾ ಒಯ್ಯಿ. ನಿಮ್ಮ ಮುತ್ಯಾಂದು ನಿಮಗ ಬಂತು.’

‘ಮುತ್ಯಾಂದು ಅಂತ ಈಗ ಬಾಯಿಗೆ ಬಂತಲ್ಲ. ಮುಷ್ಟಿ ಇಡ್ರಿ.’

ಅವನು ಬಲಗೈ ಊರಿದ. ಅದರ ನಡುಬೆರಳಿನಲ್ಲಿ ದಪ್ಪನೆಯ ಕಬ್ಬಿಣದ ಉಂಗುರವಿತ್ತು. ಶನಿಕಾಟಕ್ಕೆಂದು ಕುದುರೆ ಲಾಳದಿಂದ ಮಾಡಿಸಿದ್ದು. ‘ಶನಿ ಉಂಗುರ ತೆಗಿಯಾಂಗಿಲ್ಲ. ಸೋತವನ ಗುಂಡಾದಿಂದನ ಹೊಡಿಬೇಕು. ಹೊಡದ್ರ ನಿನ್ನ ಗುಂಡಾನ ಒಡಿತೈತಿ, ನೋಡು,’ ಎಂದು ತುಟಿ ಅಂಚಿನಲ್ಲಿ ನಕ್ಕ.

ಮುಮತಾಜಬಿ ಹಿಂದಿನಿಂದ ಬಂದು ಅವಳ ಹೆಗಲು ಹಿಡಿದಳು. ‘ಬೇಟಿ, ಅಂವಾ ಬೇಕಂತ ಮಾಡಾಕತ್ತಾನ. ಇಂಥಾದ್ದು ಮತ್ತ ಹುಟ್ಟಂಗಿಲ್ಲ. ಗುಂಡಾ ಒಯ್ಯಿ. ಆ ಗಾಜಿನ ಹೊಟ್ಟ್ಯಾಗ ಸಿಟ್ಟು ಐತಂತ ನಾ ಹೇಳಿದ್ನಲ್ಲ?’

ಬೋರವ್ವ ಗುಂಡವನ್ನು ಬಿಸಿಲಿಗೆ ಹಿಡಿದಳು. ಎಳೆಗಳು ಹಾಗೇ ಹೊಸೆದುಕೊಂಡು ನಿಂತಿದ್ದವು, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಒಂದು ಗಳಿಗೆ ಅವಳ ಕೈ ಇಳಿಯಿತು. ಸಿದ್ದರಾಯ ಕೂಡ ಮುಗಿಯಿತು ಅಂದುಕೊಂಡ.

‘ಸಿಟ್ಟು ಗಾಜಿಗೆ ಅಷ್ಟ ಏನಬೇ ಇರೂದು?’ ಎಂದಳು ಬೋರವ್ವ. ಕೂತಳು.

ಮೊದಲ ಹೊಡೆತ ಅವನ ನಡುಬೆರಳ ಗೆಣ್ಣಿಗೆ ಬಿತ್ತು. ಶಂಕ್ರೆಪ್ಪ ಹಲ್ಲು ಕಚ್ಚಿದ.

‘ಯವ್ವಾ ಅನ್ರಿ.’

‘ಅನ್ನಂಗಿಲ್ಲ.’

ಮತ್ತೆ ಅದೇ ಗೆಣ್ಣು. ಮತ್ತೆ ಅದೇ. ಬೇರೆ ಬೆರಳು ಅವಳಿಗೆ ಕಾಣಿಸುತ್ತಲೇ ಇರಲಿಲ್ಲ. ಗೆಣ್ಣು ಬಾತು ಮಾಂಸ ಉಂಗುರದ ಮೇಲೆ ಏರಿತು. ಅವನ ಕಣ್ಣಲ್ಲಿ ನೀರು ಬಂತು, ‘ಯವ್ವಾ’ ಮಾತ್ರ ಬರಲಿಲ್ಲ. ಆಗ ಬೋರವ್ವ ಗುರಿ ಬದಲಿಸಿದಳು, ಗೆಣ್ಣಿನಿಂದ ನೇರ ಕಬ್ಬಿಣಕ್ಕೆ. ಬೆರಳನ್ನು ಹಿಂದೆಂದೂ ಬಗ್ಗಿಸದಷ್ಟು ಬಗ್ಗಿಸಿ ಬಿಟ್ಟಳು.

‘ಟಿಕ್’ ಎಂದಷ್ಟೇ ಸದ್ದು. ಗುಂಡ ಎರಡು ಹೋಳಾಯಿತು. ಅದರ ಹೊಸ ಅಂಚು ಬಾತ ಗೆಣ್ಣನ್ನು ಸೀಳಿ ಹೋಯಿತು.

‘ಯವ್ವಾ!’

ಜೋಕಾಲಿಯ ಮೇಲಿದ್ದ ಹೆಣ್ಣುಮಕ್ಕಳೆಲ್ಲ ಜೀಕುತ್ತ, ‘ಯವ್ವಾ!’ ಎಂದರು. ಅಗಸಿ ತುಂಬ ಆ ಕೂಗು ಎದ್ದಿತು. ಶಂಕ್ರೆಪ್ಪನ ತಂಗಿಯರೂ ನಗು ತಡೆಯದೆ ಕೂಗಿದರು.

ಬೋರವ್ವ ಒಂದು ಹೋಳು ಎತ್ತಿ ಎಲೆಯಡಿಕೆ ಚಂಚಿಗೆ ಹಾಕಿಕೊಂಡಳು. ಇನ್ನೊಂದನ್ನು ಹಿತ್ತಾಳೆ ಬಟ್ಟಲಿನ ಹತ್ತಿಯ ಮೇಲೆ ಇಟ್ಟು ಅವನ ಕಡೆ ಸರಿಸಿದಳು. ‘ನಿಮ್ಮದು ಒಯ್ರಿ. ಬೇಗಮರದು ಅಂತ ತೋರಸ್ರಿ.’

ಆ ಸಂಜೆ ಶಂಕ್ರೆಪ್ಪನ ಬೆರಳು ಬದನೆಕಾಯಿಯಷ್ಟು ಬಾತು ಕಮ್ಮಾರನೇ ಬಂದು ಶನಿ ಉಂಗುರವನ್ನು ಅರದಿಂದ ಕೊಯ್ದು ತೆಗೆದ. ಬೋರವ್ವ ಮುತ್ಯಾನ ಸಮಾಧಿಯ ಗದ್ದುಗೆಗೆ ಹೋಗಿ ಒಂದು ಶೇಂಗಾ ಉಂಡಿ ಇಟ್ಟು, ‘ಬಂತು ಮುತ್ಯಾ,’ ಎಂದಳು. ಉಳಿದ ಉಂಡಿಗಳನ್ನು ಅಲ್ಲೇ ಕೂತು ತಾನೇ ತಿಂದಳು.

ಇಲ್ಲಿಗೆ ಮುಗಿಯಿತೆಂದು ಸಿದ್ದರಾಯ ತಿಳಿದಿದ್ದ. ಮುಂದಿನ ಸಲ ಕಂಬಳಿ ಮಾರಲು ಹೋದಾಗ ಹೆಂಡತಿ ನೇರ ಸೊಲ್ಲಾಪುರ ರಸ್ತೆಯ ಅದೇ ಬೆಂಚಿನ ಮೇಲೆ ಹೋಗಿ ಕೂತಳು. ಗಲ್ಲೆಯ ಮೇಲೆ ಬಟ್ಟಲು ಇರಲಿಲ್ಲ. ತಿಕೋಟಾದ ಗಿರಾಕಿ ಇಬ್ಬರು ಇವಳನ್ನು ಕಂಡು ಬಾಟಲಿಯ ಗೋಲಿ ಒತ್ತುವಾಗ ಮೆಲ್ಲಗೆ ‘ಯವ್ವಾ’ ಎಂದು ಕಿಸಕ್ಕನೆ ನಕ್ಕರು. ಶಂಕ್ರೆಪ್ಪ ಕೇಳದವನಂತೆ ಬಾಟಲಿ ತೊಳೆಯುತ್ತಿದ್ದ.

‘ಶಂಕ್ರೆಪ್ಪಣ್ಣಾರ, ಒಂದು ಸೋಡಾ ಕೊಡ್ರಿ,’ ಎಂದು ಬೋರವ್ವ ಸೊಟ್ಟ ಬೆರಳಿನ ಕೈಯನ್ನು ಗಲ್ಲೆಯ ಮೇಲೆ ಹಾಸಿದಳು.

ಅವನು ತಲೆ ಎತ್ತದೆ ಕೊಟ್ಟ. ಅವಳು ಅವಸರವಿಲ್ಲದೆ ಕುಡಿದಳು.

‘ಸಾಕು ನಡಿ,’ ಎಂದ ಸಿದ್ದರಾಯ ಕಿವಿಯಲ್ಲಿ. ‘ಮುಷ್ಟಿ ತೀರಿತಲ್ಲ. ಅವನ ಶನಿನೂ ಬಿಟ್ಟಾನ, ಉಂಗುರಾನ ಇಲ್ಲ ನೋಡು.’

‘ಶನಿ ಬಿಟ್ಟಾನ. ನಾ ಇನ್ನೂ ಬಿಟ್ಟಿಲ್ಲ,’ ಎಂದಳು ಬೋರವ್ವ. ಖಾಲಿ ಬಾಟಲಿಯನ್ನು ಅಲುಗಾಡಿಸಿ ಒಳಗಿನ ಗೋಲಿಯ ಸದ್ದು ಕೇಳಿದಳು. ‘ಇವತ್ತ ಖಾರ ಕಡಿಮಿ ಐತ್ರಿ, ಶಂಕ್ರೆ​ಪ್ಪಣ್ಣಾರ. ಇನ್ನೊಂದು ಕೊಡ್ರಿ.’